ಹಳೇ ಕಲ್ಲು, ಹೊಸ ಕಲ್ಲು: ಜರ್ಮನಿಯ ನಾಲ್ಕು ಊರುಗಳು

ನಮಸ್ಕಾರ ಎಲ್ಲರಿಗೂ. ಈ ಗೋಡೆಯನ್ನ ಸ್ವಲ್ಪ ಹತ್ತಿರದಿಂದ ನೋಡಿ. ತಿಳಿ ಹಳದಿ ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಕಲ್ಲು ಕಾಣುತ್ತಿದೆ ಅಲ್ವಾ? ಇದು ಡ್ರೆಸ್ಡೆನ್‌ನ ಫ್ರೌವೆನ್‌ಕಿರ್ಖೆ, ಬರೋಕ್ ಶೈಲಿಯ ಚರ್ಚ್. ಕಪ್ಪು ಕಲ್ಲು 18ನೇ ಶತಮಾನದ್ದು. ತಿಳಿ ಬಣ್ಣದ್ದು ನಮ್ಮ ಕಾಲದಲ್ಲಿ ಇಟ್ಟಿದ್ದು.

ಇದರ ವಿನ್ಯಾಸ ಮಾಡಿದ್ದು ಜಾರ್ಜ್ ಬೇರ್, ಮೂಲತಃ ಬಡಗಿ. 1726ರಲ್ಲಿ ಕೆಲಸ ಶುರುವಾಯಿತು, 1743ರಲ್ಲಿ ಮುಗಿಯಿತು, ಅಷ್ಟರಲ್ಲಿ ಬೇರ್ ತೀರಿಕೊಂಡಿದ್ದರು. ಮೇಲಿರುವ ಗುಮ್ಮಟ ಪೂರ್ತಿ ಕಲ್ಲಿನದು. 1945ರ ಫೆಬ್ರುವರಿಯಲ್ಲಿ ಊರಿನ ಮೇಲೆ ಬಾಂಬ್ ಬಿದ್ದಾಗಲೂ ಅದು ನಿಂತೇ ಇತ್ತು, ಆದರೆ ಒಳಗಿನ ಬೆಂಕಿಯ ಕಾವಿಗೆ ಕಂಬಗಳು ಸೋತು 15ನೇ ತಾರೀಕು ಬೆಳಿಗ್ಗೆ ಎಲ್ಲಾ ಕುಸಿದುಬಿತ್ತು. ಆಮೇಲೆ ನಲವತ್ತಕ್ಕೂ ಜಾಸ್ತಿ ವರ್ಷ ಇಲ್ಲಿದ್ದದ್ದು ಬರೀ ಕಲ್ಲಿನ ರಾಶಿ. 1990ರ ದಶಕದಲ್ಲಿ ಆ ರಾಶಿಯಿಂದ ಒಂದೊಂದೇ ಕಲ್ಲನ್ನ ತೆಗೆದು, ಫೋಟೋ ಹಿಡಿದು, ನಂಬರ್ ಹಾಕಿ, ಯಾವುದು ಎಲ್ಲಿತ್ತು ಅಂತ ಕಂಪ್ಯೂಟರ್ ಸಹಾಯದಿಂದ ಲೆಕ್ಕ ಹಾಕಿದರು. 2005ರಲ್ಲಿ ಚರ್ಚ್ ಮತ್ತೆ ತೆರೆಯಿತು. ಗುಮ್ಮಟದ ಮೇಲಿನ ಶಿಲುಬೆಯನ್ನ ಮಾಡಿದ್ದು ಬ್ರಿಟನ್ನಿನ ಒಬ್ಬ ಅಕ್ಕಸಾಲಿಗರು. ಅವರ ತಂದೆ ಡ್ರೆಸ್ಡೆನ್ ಮೇಲೆ ಬಾಂಬ್ ಹಾಕಿದ ಪೈಲಟ್‌ಗಳಲ್ಲಿ ಒಬ್ಬರು. ರಾಶಿಯಲ್ಲಿ ಸಿಕ್ಕ ಹಳೇ ಶಿಲುಬೆ, ಸೊಟ್ಟಗಾಗಿದ್ದು ಹಾಗೇ, ಒಳಗಡೆ ಇದೆ. ದಯವಿಟ್ಟು ಅದನ್ನ ನೋಡದೆ ಬರಬೇಡಿ.

ಇಲ್ಲಿಯ ಮರಳುಗಲ್ಲಿನಲ್ಲಿ ಕಬ್ಬಿಣದ ಅಂಶ ಇದೆ, ಅದಕ್ಕೇ ಕಾಲ ಕಳೆದ ಹಾಗೆ ಕಪ್ಪಾಗುತ್ತದೆ. ಹೊಸ ಕಲ್ಲುಗಳೂ ನಿಧಾನವಾಗಿ ಕಪ್ಪಾಗುತ್ತವೆ. ಹಳೇದು ಯಾವುದು ಹೊಸದು ಯಾವುದು ಅಂತ ಇಷ್ಟು ಸ್ಪಷ್ಟವಾಗಿ ನೋಡುವ ಭಾಗ್ಯ ನಮ್ಮ ಪೀಳಿಗೆಯದು.

ಹತ್ತಿರದಲ್ಲೇ ತ್ಸ್ವಿಂಗರ್ ಅರಮನೆ ಇದೆ, ನಡೆದೇ ಹೋಗಬಹುದು. ಬರೋಕ್ ಅಂದರೆ ಏನು ಅಂತ ಅದರ ಅಂಗಳದಲ್ಲಿ ನಿಂತರೆ ಸಾಕು, ಗೊತ್ತಾಗುತ್ತದೆ. ಅಲ್ಲಿ ಗೋಡೆಯೇ ಬಾಗುತ್ತದೆ, ಉಬ್ಬುತ್ತದೆ.

ಈಗ ಕಲೋನ್. ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕ್ಯಾಥೆಡ್ರಲ್, 157 ಮೀಟರ್ ಎತ್ತರ! ಇದು ಮಧ್ಯಯುಗದ ಗೋಥಿಕ್ ಶೈಲಿ. ಚೂಪು ಕಮಾನು, ಉದ್ದುದ್ದ ಕಿಟಕಿ, ಎಲ್ಲಾ ಗೆರೆಗಳೂ ಮೇಲಕ್ಕೇ ಹೋಗುತ್ತವೆ. 1248ರಲ್ಲಿ ಕಟ್ಟೋಕೆ ಶುರು ಮಾಡಿದರು, 16ನೇ ಶತಮಾನದಲ್ಲಿ ಕೆಲಸ ನಿಂತುಹೋಯಿತು. ಅರ್ಧ ಕಟ್ಟಿದ ಗೋಪುರದ ಮೇಲೆ ಮರದ ಕ್ರೇನ್ ಒಂದು ನೂರಾರು ವರ್ಷ ಹಾಗೇ ನಿಂತಿತ್ತು, ಊರಿನವರಿಗೆ ಅದೇ ಕಲೋನ್‌ನ ಗುರುತಾಗಿಬಿಟ್ಟಿತ್ತು. ಕಳೆದುಹೋಗಿದ್ದ ಮುಂಭಾಗದ ಹಳೇ ನಕ್ಷೆಯ ಅರ್ಧ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಸಿಕ್ಕಿತು, ಇನ್ನರ್ಧ ಎರಡು ವರ್ಷ ಆದ ಮೇಲೆ ಪ್ಯಾರಿಸ್‌ನಲ್ಲಿ. ಅದನ್ನೇ ಹಿಡಿದುಕೊಂಡು 1842ರಲ್ಲಿ ಮತ್ತೆ ಶುರು ಮಾಡಿ 1880ರಲ್ಲಿ ಮುಗಿಸಿದರು. ಅಂದರೆ ಎಲ್ಲರೂ ಸೆಲ್ಫಿ ತೆಗೆಯುವ ಈ ಮುಂಭಾಗದ ಬಹುಪಾಲು ರೈಲು ಬಂದ ಕಾಲದ್ದು, ಚಾವಣಿಯ ಕೆಳಗಿರುವ ಚೌಕಟ್ಟೂ ಕಬ್ಬಿಣದ್ದೇ!

ಹಾಗಂತ ಇದು ನಕಲಿ ಅನ್ನೋ ಮಾತನ್ನ ನಾನು ಒಪ್ಪಲ್ಲ. ಆರು ನೂರು ವರ್ಷದ ಹಿಂದಿನವರ ಗೆರೆಗೆ ಅಷ್ಟು ನಿಷ್ಠೆಯಿಂದ ಕೆಲಸ ಮಾಡಿದವರನ್ನ ಹಾಗೆ ಅನ್ನೋದು ಅನ್ಯಾಯ. ಮಧ್ಯಯುಗದ ಭಾಗವನ್ನೇ ನೋಡಬೇಕು ಅಂದರೆ ಸುಮ್ನೆ ಹಿಂಭಾಗಕ್ಕೆ ನಡೆಯಿರಿ. 1322ರಲ್ಲಿ ಪ್ರತಿಷ್ಠೆಯಾದ ಭಾಗ ಅದು. ಗೋಡೆಗೆ ಹೊರಗಿನಿಂದ ಆನಿಕೆ ಕೊಡುವ ಕಮಾನುಗಳು ಅಲ್ಲಿ ಚೆನ್ನಾಗಿ ಕಾಣುತ್ತವೆ. ಚಾವಣಿಯ ಒತ್ತಡವನ್ನ ಅವು ಹೊರುವುದರಿಂದಲೇ ಗೋಡೆ ತುಂಬಾ ಗಾಜು ಇಡೋಕೆ ಆಗಿದ್ದು. ದಕ್ಷಿಣ ಗೋಪುರಕ್ಕೆ 533 ಮೆಟ್ಟಿಲು, ಲಿಫ್ಟ್ ಇಲ್ಲ, ಮಂಡಿ ನೋವಿದ್ದವರು ಯೋಚನೆ ಮಾಡಿ ಹತ್ತಿ.

ಲ್ಯೂಬೆಕ್ ಬಗ್ಗೆ ಒಂದೇ ಮಾತು. ಉತ್ತರದ ಆ ಕಡೆ ಕಟ್ಟೋಕೆ ಕಲ್ಲು ಸಿಗೋದು ಕಷ್ಟ, ಅದಕ್ಕೇ ಅಲ್ಲಿಯ ಮರಿಯೆನ್‌ಕಿರ್ಖೆ ಚರ್ಚನ್ನ ಇಟ್ಟಿಗೆಯಲ್ಲೇ ಎಬ್ಬಿಸಿದರು, ಅದೂ ಗೋಥಿಕ್. 1942ರ ದಾಳಿಯಲ್ಲಿ ಗೋಪುರದಿಂದ ಬಿದ್ದ ಗಂಟೆಗಳು ಚೂರಾಗಿ ನೆಲದಲ್ಲಿವೆ, ಅವನ್ನ ಎತ್ತದೆ ಬಿದ್ದ ಜಾಗದಲ್ಲೇ ಉಳಿಸಿದ್ದಾರೆ. ಡ್ರೆಸ್ಡೆನ್‌ನವರು ಜೋಡಿಸಿದರು, ಇವರು ಬಿಟ್ಟರು. ನನಗೆ ಎರಡೂ ಸರಿ ಅನ್ನಿಸಿತು.

ಇನ್ನು ವುರ್ಟ್ಸ್‌ಬುರ್ಗ್. ಅಲ್ಲಿಯ ರೆಸಿಡೆನ್ಸ್ ಅರಮನೆಯ ಮೆಟ್ಟಿಲು ಹತ್ತುವಾಗ ಅವಸರ ಮಾಡಬೇಡಿ. ವಾಸ್ತುಶಿಲ್ಪಿ ಬಾಲ್ತಸಾರ್ ನಾಯ್ಮಾನ್ ಇಷ್ಟು ದೊಡ್ಡ ಕಮಾನು ಚಾವಣಿಯನ್ನ ನಡುವೆ ಒಂದೂ ಕಂಬ ಇಲ್ಲದೆ ನಿಲ್ಲಿಸಿದರು. ಅದರ ಮೇಲೆ ವೆನಿಸ್‌ನ ಟಿಯೆಪೊಲೊ 1752–53ರಲ್ಲಿ ನಾಲ್ಕು ಖಂಡಗಳ ಚಿತ್ರ ಬರೆದರು. ಒಂದೊಂದು ಖಂಡವೂ ಒಬ್ಬ ಹೆಣ್ಣಿನ ರೂಪದಲ್ಲಿದೆ: ಏಷ್ಯಾ ಆನೆ ಮೇಲೆ, ಆಫ್ರಿಕಾ ಒಂಟೆ ಮೇಲೆ. ಹತ್ತುವಾಗ ಮೊದಲು ಅಮೆರಿಕ ಕಾಣುತ್ತದೆ, ಅರ್ಧ ಹತ್ತಿ ತಿರುಗಿದಾಗಲೇ ಯುರೋಪ್. 1945ರಲ್ಲಿ ಮೇಲಿನ ಮರದ ಸೂರು ಸುಟ್ಟುಹೋಯಿತು, ಈ ಚಾವಣಿ ಮಾತ್ರ ಜಗ್ಗಲಿಲ್ಲ. ಯುರೋಪ್ ಚಿತ್ರದ ಕೆಳ ಅಂಚಿನಲ್ಲಿ, ಸಮವಸ್ತ್ರ ಹಾಕಿಕೊಂಡು, ನಾಯಿಯ ಜೊತೆ ಫಿರಂಗಿಯ ಮೇಲೆ ಆರಾಮಾಗಿ ಒರಗಿದ್ದಾರಲ್ಲ, ಅವರೇ ನಾಯ್ಮಾನ್.