ಒಂದೂ ಮರ ಬಿಡಿಸದೆ ಕಾಡು ಬಿಡಿಸುವುದು ಹೇಗೆ?

[ದೃಶ್ಯ: ಖಾಲಿ ಕ್ಯಾನ್ವಾಸ್, ಪಕ್ಕದಲ್ಲಿ ಅಕ್ರಿಲಿಕ್ ಟ್ಯೂಬ್‌ಗಳು]

ನಮಸ್ಕಾರ. ಲ್ಯಾಂಡ್‌ಸ್ಕೇಪ್ ಅಂದ ಕೂಡಲೇ ನಮ್ಮ ಕೈ ತಾನಾಗಿಯೇ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ ಬಿಡಿಸಿಬಿಡುತ್ತದೆ. ಮೂರನೇ ಕ್ಲಾಸಿನಿಂದಲೂ ಇದೇ, ಅಲ್ವಾ? ಇವತ್ತು ಅದ್ಯಾವುದೂ ಬೇಡ.

[ದೃಶ್ಯ: ರಝಾ ಅವರ ಚಿತ್ರಗಳು]

ಮರ ಬಿಡಿಸದೆಯೇ ಕಾಡು ತೋರಿಸಿದ ಭಾರತೀಯ ಚಿತ್ರಕಾರ ಎಸ್. ಎಚ್. ರಝಾ ಹುಟ್ಟಿದ್ದು 1922ರಲ್ಲಿ, ಈಗಿನ ಮಧ್ಯಪ್ರದೇಶದ ಬಾಬರಿಯಾದಲ್ಲಿ. ಅಪ್ಪ ಫಾರೆಸ್ಟ್ ರೇಂಜರ್. ಹಾಗಾಗಿ ಬಾಲ್ಯ ಕಳೆದದ್ದು ನರ್ಮದೆಯ ಸೀಮೆಯ ಕಾಡಿನಲ್ಲಿ. ಹಗಲು ಪರವಾಗಿಲ್ಲ, ರಾತ್ರಿಯಾದರೆ ಹುಡುಗನಿಗೆ ಭಯ. 1950ರಲ್ಲಿ ಪ್ಯಾರಿಸ್‌ಗೆ ಹೋದರು. ಮೊದಮೊದಲು ಅಲ್ಲಿನ ಹಳ್ಳಿ, ಮನೆ, ಚರ್ಚು ಬಿಡಿಸಿದರು. ಬರಬರುತ್ತಾ ಮನೆಗಳ ಗೆರೆಯೇ ಕರಗಿತು. 1962ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪಾಠ ಮಾಡಿದರು; ಮುಂದೆ ಎಣ್ಣೆಬಣ್ಣ ಬಿಟ್ಟು, ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಹಿಡಿದರು. ಅದು ಬೇಗ ಒಣಗುತ್ತದೆ, ಕೈ ಕಟ್ಟಿ ಕಾಯಬೇಕಿಲ್ಲ.

1970ರ ದಶಕದ ಚಿತ್ರಗಳನ್ನು ನೋಡಿ. ಕತ್ತಲಿನ ಒಳಗಿಂದ ಕೆಂಪು, ಹಳದಿ ಮಿನುಗುತ್ತವೆ. ಮರ ಕಾಣುವುದಿಲ್ಲ, ಆದರೆ ಆ ರಾತ್ರಿಯ ಕಾಡು ಅಲ್ಲೇ ಇದೆ. ಅವರಿಗೆ ಹೆಸರು ತಂದಿದ್ದು ಆಮೇಲಿನ ‘ಬಿಂದು’, ಅಂದರೆ ದೊಡ್ಡ ಕಪ್ಪು ವೃತ್ತದ ಚಿತ್ರಗಳು. ನನಗೇನೋ ಈ ಕಾಡಿನ ಚಿತ್ರಗಳೇ ಜಾಸ್ತಿ ಇಷ್ಟ.

[ದೃಶ್ಯ: ಮಳೆ ನಿಂತ ಮೇಲಿನ ಅಡಿಕೆ ತೋಟದ ಫೋಟೋ, ನಿಧಾನವಾಗಿ ಮಸುಕಾಗುತ್ತದೆ]

ಈಗ ನಮ್ಮ ಸರದಿ. ಈ ತೋಟವನ್ನು ಕಣ್ಣು ಕಿರಿದು ಮಾಡಿ ನೋಡಿ. ಎಲೆ, ಕಾಂಡ ಎಲ್ಲ ಮಾಯ. ಉಳಿಯುವುದು ಮೂರೇ ಪಟ್ಟಿ: ಮೇಲೆ ಬೂದಿ, ನಡುವೆ ಹಸಿರು, ಕೆಳಗೆ ಕೆಂಪು. ನಮಗೆ ಬೇಕಾದದ್ದು ಅಷ್ಟೇ.

ಮೊದಲು ಇಡೀ ಕ್ಯಾನ್ವಾಸ್‌ಗೆ ಇಟ್ಟಿಗೆ ಕೆಂಪು ಬಳಿದು ಒಣಗಲು ಬಿಡಿ.

[ದೃಶ್ಯ: ಪ್ಯಾಲೆಟ್ ಹತ್ತಿರದಿಂದ]

ಹಸಿರಿಗೆ ಹಸಿರು ಟ್ಯೂಬ್ ಮುಟ್ಟಬೇಡಿ, ಅದು ಪ್ಲಾಸ್ಟಿಕ್ ಬಕೆಟ್ ಥರ ಕಾಣುತ್ತದೆ. ಹಳದಿ ತಗೊಂಡು ಬೆಂಕಿಕಡ್ಡಿ ತಲೆಯಷ್ಟು ಕಪ್ಪು ಸೇರಿಸಿ. ನೋಡಿದಿರಾ, ಪಾಚಿ ಹಸಿರು! ಕಪ್ಪು ಸ್ವಲ್ಪ ಹೆಚ್ಚಾದರೂ ಬಣ್ಣ ಸತ್ತುಹೋಗುತ್ತದೆ. ಇದನ್ನು ಪ್ಯಾಲೆಟ್ ನೈಫಿನಲ್ಲಿ, ಅಂದರೆ ಬಣ್ಣ ಹಚ್ಚುವ ಚಪ್ಪಟೆ ಚಾಕುವಿನಲ್ಲಿ, ನಡುವಿನ ಪಟ್ಟಿಗೆ ಅಡ್ಡಡ್ಡ ಎಳೆಯಿರಿ; ಮೇಲಿನ ಪಟ್ಟಿಗೆ ಬೂದಿಯನ್ನೂ ಹಾಗೇ. ಅಲ್ಲಲ್ಲಿ ತಳದ ಕೆಂಪು ಇಣುಕಲಿ, ಮುಚ್ಚಬೇಡಿ.

ಒಮ್ಮೆ ನಾನು, ಜನಕ್ಕೆ ಅರ್ಥವಾಗಲಿ ಅಂತ ಕೊನೆಯಲ್ಲಿ ಸುಮ್ನೆ ಒಂದು ಅಡಿಕೆ ಮರ ಬಿಡಿಸಿದೆ. ಅಷ್ಟೂ ಹೊತ್ತಿನ ಕೆಲಸ ಕ್ಯಾಲೆಂಡರ್ ಚಿತ್ರವಾಯಿತು.

[ದೃಶ್ಯ: ಹಸಿ ಬಣ್ಣದ ಕ್ಯಾನ್ವಾಸ್ ಕಿಟಕಿ ಪಕ್ಕ]

ಹಳದಿ ಜಾಸ್ತಿಯಾಯಿತು ಅನ್ನಿಸುತ್ತಿದೆಯಾ? ಅಕ್ರಿಲಿಕ್ ಒಣಗಿದಾಗ ಒಂಚೂರು ಗಾಢವಾಗುತ್ತದೆ. ಬೇಕಂತಲೇ ಹಾಕಿದ್ದು.