ಕೈಗೆಟುಕದ ದೂರದಿಂದ ಜಿಮ್ನಾಸ್ಟಿಕ್ಸ್ ಪಾಠ

ಕೇಳುಗರೆಲ್ಲರಿಗೂ ನಮಸ್ಕಾರ.

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ನಮ್ಮ ಜಿಮ್ನಾಸ್ಟಿಕ್ಸ್ ಅಭ್ಯಾಸದ ಹಾಲ್‌ಗೂ ಬೀಗ ಬಿತ್ತು. ಟೋಕಿಯೊ ಒಲಿಂಪಿಕ್ಸ್ ಮುಂದಕ್ಕೆ ಹೋದ ಸುದ್ದಿ ಬಂದದ್ದು ಅದರ ಹಿಂದಿನ ದಿನ. ಬೆಳೆಯುವ ಮಕ್ಕಳ ಮೈ ಕೆಲವೇ ವಾರಗಳ ಬಿಡುವಿಗೆ ಬಿಗಿದುಕೊಳ್ಳುತ್ತದೆ ಎಂಬ ಆತಂಕದಿಂದ, ಏಳರಿಂದ ಹದಿಮೂರು ವರ್ಷದ ಮಕ್ಕಳಿಗೆ ಮೊಬೈಲ್ ಮೂಲಕವೇ ಪಾಠ ಮಾಡಲು ನಾನು ತೊಡಗಿದೆ. ಆ ತಿಂಗಳುಗಳಲ್ಲಿ ಎದುರಾದ ತೊಡಕುಗಳನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಜಿಮ್ನಾಸ್ಟಿಕ್ಸ್ ಕಲಿಸುವಲ್ಲಿ ಬಾಯಿಗಿಂತ ಕೈಗೆ ಹೆಚ್ಚು ಕೆಲಸ. ಮಗು ಹಿಂದಕ್ಕೆ ಬಾಗಿ, ಕೈಯೂರಿ, ಮಗುಚಿ ನಿಲ್ಲುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಕಲಿಯುವಾಗ ತರಬೇತುದಾರನ ಒಂದು ಕೈ ಅದರ ಸೊಂಟದ ಹಿಂದೆ, ಇನ್ನೊಂದು ತೊಡೆಯ ಹಿಂದೆ ಇರುತ್ತದೆ. ಮೊದಮೊದಲು ಆ ಕೈ ಮೈಯ ಭಾರವನ್ನೇ ಹೊರುತ್ತದೆ. ದಿನ ಕಳೆದಂತೆ ಹಗುರಾಗುತ್ತಾ ಬೆರಳ ತುದಿಯಷ್ಟೇ ತಾಗುತ್ತದೆ. ಒಂದು ದಿನ ಅದೂ ಬೇಡವಾಗುತ್ತದೆ. ತ್ರಿಪುರಾದ ದೀಪಾ ಕರ್ಮಾಕರ್ ಮೊದಲ ದಿನಗಳಲ್ಲಿ ಹಳೆಯ ಸ್ಕೂಟರಿನ ಬಿಡಿಭಾಗಗಳಿಂದ ಮಾಡಿದ ಸಲಕರಣೆಯ ಮೇಲೆ ಅಭ್ಯಾಸ ಮಾಡಿದ್ದನ್ನು ಪತ್ರಿಕೆಗಳಲ್ಲಿ ನಾವು ಓದಿದ್ದೇವೆ. ಮುಂದೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ, ಓಡಿಬಂದು ಮೇಜಿನಂಥ ಸಲಕರಣೆಯ ಮೇಲೆ ಕೈಯೂರಿ ಜಿಗಿಯುವ ವಾಲ್ಟ್‌ನಲ್ಲಿ, ಅವರು ನಾಲ್ಕನೆಯವರಾದರು. ಸಲಕರಣೆಯ ಕೊರತೆಯನ್ನು ಹಾಗೆ ಹೇಗೋ ತುಂಬಿಕೊಳ್ಳಬಹುದು, ಆದರೆ ಅವರ ಪಕ್ಕದಲ್ಲಿ ಬಿಶ್ವೇಶ್ವರ ನಂದಿಯವರಂಥ ಗುರು ಇದ್ದರು. ನನ್ನ ಮಕ್ಕಳ ಪಕ್ಕದಲ್ಲಿ ನಾನಿರಲಿಲ್ಲ.

ಆದ್ದರಿಂದ, ಹಾಲ್‌ನಲ್ಲಿ ನನ್ನ ಕೈ ಬೇಕಾಗುತ್ತಿದ್ದ ಯಾವ ಚಲನೆಯನ್ನೂ ಮನೆಯಲ್ಲಿ ಮಾಡಕೂಡದು ಎಂದು ಮೊದಲ ದಿನವೇ ಕಟ್ಟುನಿಟ್ಟು ಮಾಡಿದೆ. ಮಕ್ಕಳಿಗೆ ಇದು ಒಪ್ಪಿಗೆಯಾಗಲಿಲ್ಲ. "ಸರ್, ಅಪ್ಪ ಹಿಡ್ಕೋತಾರೆ, ಒಂದೇ ಒಂದು ಸಲ ಮಾಡ್ಲಾ?" ಎಂದು ಹತ್ತು ವರ್ಷದ ಹುಡುಗಿಯೊಬ್ಬಳು ದಿನವೂ ಕೇಳುತ್ತಿದ್ದಳು. ಅಪ್ಪನ ತೋಳಿನಲ್ಲಿ ನನಗಿಂತ ಹೆಚ್ಚು ಬಲವಿದ್ದೀತು; ಆದರೆ ಯಾವ ಕ್ಷಣದಲ್ಲಿ ಹಿಡಿಯಬೇಕು, ಯಾವ ಕ್ಷಣದಲ್ಲಿ ಬಿಡಬೇಕು ಎಂಬುದು ಆ ತೋಳಿಗೆ ತಿಳಿಯದು. ಅವಳಿಗೆ ಪ್ರತಿಸಲವೂ ಬೇಡವೆನ್ನುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ನೆಲದ ಮಾತು ಬೇರೆಯೇ. ಸ್ಪರ್ಧೆಯ ಅಂಕಣ 12 ಮೀಟರ್ ಉದ್ದ, 12 ಮೀಟರ್ ಅಗಲ. ಅದರಡಿಯಲ್ಲಿ ಸ್ಪ್ರಿಂಗ್‌ಗಳೂ ಫೋಮ್ ಪದರಗಳೂ ಇರುತ್ತವೆ. ನಮ್ಮ ಮಕ್ಕಳಿಗೆ ಸಿಕ್ಕದ್ದು ಟೈಲ್ಸ್, ಗ್ರಾನೈಟ್ ಅಥವಾ ರೆಡ್ ಆಕ್ಸೈಡ್ ನೆಲ, ಅದರ ಮೇಲೊಂದು ಜಮಖಾನ. ಮಕ್ಕಳ ಮಣಿಕಟ್ಟಿನ ಬಳಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಗಟ್ಟಿ ನೆಲದ ಮೇಲೆ ಮತ್ತೆ ಮತ್ತೆ ಕೈಯೂರಿ ಮೈಭಾರ ಹಾಕಿದರೆ ಅಲ್ಲಿಯೇ ನೋವು ಹತ್ತಿಕೊಳ್ಳುತ್ತದೆ. ಹಾಸಿಗೆ ಹಾಕಿಕೊಳ್ಳಲಿ ಎಂದರೆ, ಹತ್ತಿಯ ಮೆತ್ತೆಯಲ್ಲಿ ಪಾದ ಹೂತು ಕಾಲು ಉಳುಕುವ ಭಯ. ಹೀಗಾಗಿ ಗೋಡೆಗೆ ಎದೆ ಮಾಡಿ ಕೈ ಮೇಲೆ ನಿಲ್ಲುವುದನ್ನೂ ಎಣಿಸಿ ಎಣಿಸಿ ಮಾಡಿಸಬೇಕಾಯಿತು.

ಸಮತೋಲನ ಕಾಯ್ದುಕೊಂಡು ನಡೆಯುವ ಕಿರಿದಾದ ತೊಲೆ, ಅಂದರೆ ಬೀಮ್, 10 ಸೆಂಟಿಮೀಟರ್ ಅಗಲ, ಸ್ಪರ್ಧೆಯಲ್ಲಿ ಅದರ ಎತ್ತರ 1.25 ಮೀಟರ್. ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಅಷ್ಟೇ ಅಗಲಕ್ಕೆ ಎರಡು ಗೆರೆ ಎಳೆಸಿ ನಡೆಯಲು ಹೇಳಿದೆ. ಮಕ್ಕಳು ಚೆನ್ನಾಗಿಯೇ ನಡೆದರು. ಗೆರೆಯ ಮೇಲೆ ನಡೆದು ಪಾದ ಪಳಗಿತು, ಎತ್ತರದ ಭಯ ಮಾತ್ರ ಇದ್ದಲ್ಲೇ ಇತ್ತು.

ಇನ್ನು ಪರದೆ. ಮನೆಯಲ್ಲಿ ಮಾಡಿಸುತ್ತಿದ್ದ ಚಿಕ್ಕ ಜಿಗಿತವೂ ಒಂದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. "ಹೊಟ್ಟೆ ಬಿಗಿ ಹಿಡಿ" ಎಂಬ ನನ್ನ ಮಾತು ಮಗುವನ್ನು ತಲುಪುವುದೂ ತಡವಾಗುತ್ತಿತ್ತು. ನೀರಿನ ಚೊಂಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ತಲೆ ಕಂಡರೆ ಪಾದ ಕಾಣದು, ಪಾದ ಕಂಡರೆ ಭುಜ ಕಾಣದು. ಮುಂದಿನಿಂದ ನೋಡಿದರೆ ನೆಟ್ಟಗೆ ನಿಂತಂತೆ ತೋರುವ ಮಗುವಿನ ಬೆನ್ನು ಬಾಳೆಹಣ್ಣಿನಂತೆ ಬಾಗಿರುವುದು ಪಕ್ಕದಿಂದ ಮಾತ್ರ ಗೊತ್ತಾಗುತ್ತದೆ. ನಾನು ಹೆಚ್ಚು ಹಂಬಲಿಸಿದ್ದು ಸದ್ದಿಗಾಗಿ. ಜಿಗಿದು ಇಳಿಯುವಾಗ ಪಾದದ ಸದ್ದು ಕೇಳಿದರೆ ಸಾಕು, ಮಂಡಿ ಬಾಗಿತೋ ಇಲ್ಲವೋ ಎಂದು ಬೆನ್ನು ತಿರುಗಿಸಿದ್ದಾಗಲೂ ಹೇಳಬಲ್ಲೆ. ವಿಡಿಯೊ ಕರೆಯ ತಂತ್ರಾಂಶಗಳಾದರೋ ಮಾತನ್ನು ಉಳಿಸಿಕೊಂಡು, ಆ ಸದ್ದನ್ನು ಗದ್ದಲವೆಂದು ಅಳಿಸಿಬಿಡುತ್ತವೆ. ಕೊನೆಗೆ, ಪಕ್ಕದಿಂದ ಚಿತ್ರೀಕರಿಸಿ ಕಳುಹಿಸಿರೆಂದು ಪಾಲಕರನ್ನು ಕೇಳಿಕೊಂಡು, ರಾತ್ರಿ ಕುಳಿತು ಒಂದೊಂದನ್ನೂ ನಿಧಾನಗತಿಯಲ್ಲಿ ನೋಡಿ, ಧ್ವನಿ ಸಂದೇಶದಲ್ಲಿ ತಿದ್ದುತ್ತಿದ್ದೆ.

ಮನೆಗೊಂದೇ ಮೊಬೈಲ್ ಇದ್ದು, ಅದು ಅಪ್ಪನೊಡನೆ ಕೆಲಸಕ್ಕೆ ಹೋಗುತ್ತಿದ್ದ ಮಕ್ಕಳನ್ನು ಇಲ್ಲಿ ನೆನೆಯಲೇಬೇಕು. ಅವರಿಗಾಗಿ ರಾತ್ರಿ ಎಂಟಕ್ಕೆ ಇನ್ನೊಂದು ತರಗತಿ ನಡೆಸಿದೆ. ಆದರೂ ಕೆಲವರು ಕೈತಪ್ಪಿದರು, ಮತ್ತೆ ಹಾಲ್‌ಗೆ ಬರಲೇ ಇಲ್ಲ.

ಬೀಗ ತೆರೆದ ಮೊದಲ ವಾರ, ಅಪ್ಪ ಹಿಡಿಯುತ್ತಾರೆ ಎಂದು ಕೇಳುತ್ತಿದ್ದ ಆ ಹುಡುಗಿ ಮ್ಯಾಟ್ ಮೇಲೆ ಬಂದು ನಿಂತಳು. ಆ ವಯಸ್ಸಿನ ಹೆಣ್ಣುಮಕ್ಕಳು ಬಲು ಬೇಗ ಎತ್ತರವಾಗುತ್ತಾರೆ ಎಂದು ತಿಳಿದಿದ್ದರೂ, ನಾನು ಹಳೆಯ ಅಂದಾಜಿನಲ್ಲಿಯೇ ಅವಳ ಬೆನ್ನ ಹಿಂದೆ ಕೈ ಇಟ್ಟೆ. ಅದು ಸೊಂಟಕ್ಕಿಂತ ಕೆಳಗಿತ್ತು. ಕೈಯನ್ನು ಮೇಲಕ್ಕೆ ಸರಿಸಿಕೊಂಡು, "ಈಗ ಮಾಡಮ್ಮ" ಎಂದೆ.