ಫೋನು ಅವರದು, ಕೆಲಸ ನಮ್ಮದು

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ನಡೀತಿರುವಾಗ ಅರ್ಧ ದಿನ ಬಿಟ್ಟು ಮಡಿಕೇರಿಗೆ ಬಂದಿದ್ದೀರಿ. ಆ ಕಷ್ಟ ನನಗೆ ಗೊತ್ತು, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ: ಕೆಲಸದವರ ಫೋನಿನಲ್ಲಿರುವ ನಮ್ಮ ಆಫೀಸಿನ ಮಾಹಿತಿಯನ್ನು ಕಾಪಾಡುವ ನಿಯಮ, ಅಂದರೆ ಪಾಲಿಸಿ.

ನಾನು ಇಲ್ಲಿನ ಹೋಂಸ್ಟೇ, ಎಸ್ಟೇಟ್ ಆಫೀಸು, ಸಹಕಾರ ಸಂಘಗಳಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುವವನು. ಮೊದಲೆಲ್ಲ ಪ್ರಿಂಟರ್ ಓಡ್ತಿಲ್ಲ ಅಂತ ಫೋನ್ ಬರುತ್ತಿತ್ತು. ಈಗ ಬರುವ ಕರೆಯೇ ಬೇರೆ. "ನಮ್ಮ ಹುಡುಗನ ಫೋನ್ ಬಸ್ಸಲ್ಲಿ ಹೋಯ್ತು, ಗೆಸ್ಟ್‌ಗಳ ಆಧಾರ್ ಎಲ್ಲ ಅದ್ರಲ್ಲೇ ಇತ್ತು, ಈಗ ಏನ್ ಮಾಡೋದು?" ಫೋನ್ ಹೋದ ಮೇಲೆ ಮಾಡುವುದಕ್ಕೆ ಸ್ವಲ್ಪವೇ ಉಳಿದಿರುತ್ತದೆ. ಮಾಡಬೇಕಾದ್ದೆಲ್ಲ ಅದಕ್ಕೆ ಮೊದಲೇ.

ಹೋದ ವರ್ಷ ಒಂದು ಹೋಂಸ್ಟೇಗೆ ಹೋಗಿದ್ದೆ. ರಿಸೆಪ್ಷನ್ ನೋಡಿಕೊಳ್ಳುವ ಹುಡುಗಿ ತನ್ನ ಫೋನಿನ ಗ್ಯಾಲರಿ ತೆರೆದು ತೋರಿಸಿದಳು. ಮೊದಲು ಬೆಂಗಳೂರಿನ ಗೆಸ್ಟ್ ಒಬ್ಬರ ಆಧಾರ್, ಮುಂದೆ ಹಿಂದೆ ಎರಡೂ. ಬೆರಳು ಸರಿಸಿದರೆ ಅವಳ ಮಗ ಸ್ಕೂಲ್ ಡೇ ದಿನ ಕುಪ್ಯ, ಅಂದರೆ ಕೊಡವರ ಉದ್ದನೆಯ ಕೋಟು, ಹಾಕಿಕೊಂಡು ನಿಂತ ಫೋಟೋ. ಅದರ ಪಕ್ಕ ಯಾರೋ ವಿದೇಶಿಯ ಪಾಸ್‌ಪೋರ್ಟು. ಆಮೇಲೆ ಅವಳ ಅಮ್ಮನ ಸ್ಕ್ಯಾನಿಂಗ್ ರಿಪೋರ್ಟು, ಮತ್ತೆ ಎರಡು ಆಧಾರ್. ಇದೆಲ್ಲ ಅವಳ ಸ್ವಂತ ಜಿಮೇಲ್‌ಗೆ ತಾನಾಗಿಯೇ ಬ್ಯಾಕಪ್ ಆಗುತ್ತಿತ್ತು. ಅವಳದ್ದೇನೂ ತಪ್ಪಿಲ್ಲ. "ಗೆಸ್ಟ್ ಬಂದ್ರೆ ಐಡಿ ಫೋಟೋ ತಗೋ" ಅಂತ ಹೇಳಿದ್ದರು, ತಗೊಂಡಳು. ಎಲ್ಲಿ ಇಡಬೇಕು, ಯಾವಾಗ ಅಳಿಸಬೇಕು ಅಂತ ಯಾರೂ ಹೇಳಿರಲಿಲ್ಲ. ನಾಳೆ ಅವಳು ಕೆಲಸ ಬಿಟ್ಟರೆ ನಿಮ್ಮ ಗೆಸ್ಟ್‌ಗಳ ದಾಖಲೆ ಅವಳ ಜೊತೆ ಹೋಗುತ್ತದೆ. ಅದನ್ನು ಅಳಿಸೋಣ ಅಂತ ನೀವು ಫೋನ್ ಕಿತ್ತುಕೊಂಡರೆ ಅವಳ ಅಮ್ಮನ ರಿಪೋರ್ಟು ನಿಮ್ಮ ಕೈಗೆ ಬರುತ್ತದೆ. ಎರಡೂ ಆಗಬಾರದು ಅಲ್ವಾ?

ಆದ್ದರಿಂದ ಪಾಲಿಸಿ ಅನ್ನುವುದು ಶುರುವಾಗುವುದೇ ಬೇಲಿ ಹಾಕುವುದರಿಂದ. ತೋಟಕ್ಕೆ ಬೇಲಿ ಹಾಕುವಾಗ ನಮ್ಮ ಜಾಗ ಎಲ್ಲಿಗೆ ಮುಗಿಯುತ್ತದೆ ಅಂತಲೂ ಗೊತ್ತಿರಬೇಕು. ಫೋನಿನಲ್ಲೂ ಹಾಗೇ.

ಆಂಡ್ರಾಯ್ಡ್‌ನಲ್ಲಿ ಈ ಬೇಲಿ ಹಾಕುವ ವ್ಯವಸ್ಥೆ 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದಲೇ ಇದೆ. ಅದರ ಹೆಸರು ವರ್ಕ್ ಪ್ರೊಫೈಲ್. ಒಂದೇ ಫೋನಿನೊಳಗೆ ಇನ್ನೊಂದು ಕೋಣೆ ಇದ್ದ ಹಾಗೆ. ಆಫೀಸಿನ ಆ್ಯಪ್‌ಗಳ ಮೇಲೆ ಚಿಕ್ಕ ಬ್ರೀಫ್‌ಕೇಸ್ ಗುರುತು ಕಾಣುತ್ತದೆ. ಆ ಗುರುತಿರುವ ಕ್ಯಾಮೆರಾದಲ್ಲಿ ತೆಗೆದ ಫೋಟೋ ಆ ಕೋಣೆಯಲ್ಲೇ ಉಳಿಯುತ್ತದೆ, ಮನೆಯ ಗ್ಯಾಲರಿಗೆ ಬರುವುದಿಲ್ಲ. ಕೆಲಸ ಬಿಟ್ಟ ದಿನ ನೀವು ಆ ಕೋಣೆಯನ್ನು ಮಾತ್ರ ಖಾಲಿ ಮಾಡಬಹುದು, ಮಗನ ಫೋಟೋಗೆ ಏನೂ ಆಗುವುದಿಲ್ಲ. ಅವಳ ಸ್ವಂತ ಫೋಟೋ, ಮೆಸೇಜು, ಕರೆ ಯಾವುದೂ ನಿಮಗೆ ಕಾಣುವುದೂ ಇಲ್ಲ. ಈ ಮಾತನ್ನು ಕೆಲಸದವರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ, "ಧಣಿ ನನ್ನ ವಾಟ್ಸಾಪ್ ನೋಡ್ತಾರೆ" ಅಂತ ತೋಟದ ಕೆಲಸದವರ ಲೈನ್‌ಮನೆಗಳಲ್ಲೆಲ್ಲ ಸುದ್ದಿ ಹಬ್ಬುತ್ತದೆ, ಆಮೇಲೆ ಎಷ್ಟು ಹೇಳಿದರೂ ನಂಬುವುದಿಲ್ಲ. ಐಫೋನಿಗೂ ಇಂಥದ್ದೇ ವ್ಯವಸ್ಥೆ ಇದೆ, ಆದರೆ ನಮ್ಮ ಕಡೆ ಕೆಲಸದವರ ಕೈಯಲ್ಲಿ ಇರುವುದು ಜಾಸ್ತಿ ಆಂಡ್ರಾಯ್ಡೇ.

ಗೆಸ್ಟ್‌ಗಳ ಐಡಿ ಬಗ್ಗೆ ಇನ್ನೊಂದು ಮಾತು. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ, ಅದನ್ನೇ ಕೇಳಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕೊಡುವ ಫಾರ್ಮ್, ನಾವು ಫಾರ್ಮ್ ಸಿ ಅನ್ನುತ್ತಿದ್ದದ್ದು, ತುಂಬಲೇಬೇಕು, ಅದು ಕಾನೂನು. ಆದರೆ ತುಂಬಿ ಮುಗಿದ ಮೇಲೂ ಪಾಸ್‌ಪೋರ್ಟಿನ ಫೋಟೋ ರಿಸೆಪ್ಷನ್ ಫೋನಿನಲ್ಲಿ ವರ್ಷಗಟ್ಟಲೆ ಯಾಕೆ ಇರಬೇಕು? ಫೋನಿನಲ್ಲಿ ಇಲ್ಲದ್ದು ಕಳೆದುಹೋಗುವುದಿಲ್ಲ.

ಇನ್ನು ನೀವೇ ಕೊಡಿಸಿದ ಫೋನು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಕಾಫಿ ಹಣ್ಣಿನ ತೂಕ, ಹಾಜರಿ ಬರೆಯುವುದಕ್ಕೆ ಒಂದು ಫೋನ್ ಕೊಟ್ಟಿರುತ್ತೀರಿ. ಅದಕ್ಕೆ ಕೋಣೆ ಬೇಡ, ಇಡೀ ಫೋನನ್ನೇ ಆಫೀಸಿನ ಹಿಡಿತದಲ್ಲಿ ಇಡಬಹುದು. ಹೊಸ ಫೋನ್ ಆನ್ ಮಾಡಿ, ಸ್ವಾಗತದ ಪರದೆಯ ಮೇಲೆ ಒಂದೇ ಜಾಗದಲ್ಲಿ ಆರು ಸಲ ಮುಟ್ಟಿದರೆ ಕ್ಯೂಆರ್ ಕೋಡ್ ಓದುವ ಕ್ಯಾಮೆರಾ ತೆರೆಯುತ್ತದೆ. ನಿಮ್ಮ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್, ಅಂದರೆ ಫೋನುಗಳನ್ನು ದೂರದಿಂದಲೇ ನೋಡಿಕೊಳ್ಳುವ ಸಾಫ್ಟ್‌ವೇರ್, ಕೊಟ್ಟ ಕೋಡ್ ತೋರಿಸಿದರೆ ಮುಂದಿನ ಕೆಲಸ ಅದೇ ಮಾಡಿಕೊಳ್ಳುತ್ತದೆ. ಬಳಸಿದ ಫೋನಾದರೆ ಮೊದಲು ಒಳಗಿನದೆಲ್ಲ ಅಳಿಸಿ ರೀಸೆಟ್ ಮಾಡಬೇಕು. ಇಲ್ಲಿ ನಾನು ಒಂದು ಆಫೀಸಿನಲ್ಲಿ ಪಟ್ಟ ಪಾಡು ಹೇಳುತ್ತೇನೆ. ಅವರು ಐದು ಫೋನ್ ಕೊಡಿಸಿದ್ದರು, ಹುಡುಗರು ತಮ್ಮ ತಮ್ಮ ಜಿಮೇಲ್ ಹಾಕಿಕೊಂಡಿದ್ದರು. ಇಬ್ಬರು ಕೆಲಸ ಬಿಟ್ಟರು, ಫೋನ್ ವಾಪಸ್ ಕೊಟ್ಟರು. ಲಾಕ್ ಗೊತ್ತಿಲ್ಲ ಅಂತ ಬಟನ್ ಒತ್ತಿ ರೀಸೆಟ್ ಮಾಡಿದರೆ ಹಳೇ ಜಿಮೇಲ್‌ನ ಪಾಸ್‌ವರ್ಡ್ ಕೊಡು ಅಂತ ಕೇಳುತ್ತದೆ. ಅದು ಕಳ್ಳರಿಗಾಗಿ ಇಟ್ಟ ರಕ್ಷಣೆ, ಆದರೆ ಹೊರಗೆ ನಿಂತವರು ನಾವೇ. ಒಬ್ಬ ಅಷ್ಟರಲ್ಲಿ ದುಬೈಗೆ ಹೋಗಿಯಾಗಿತ್ತು.

ಈಗ ನಮ್ಮ ಕೊಡಗಿನದ್ದೇ ಆದ ಒಂದು ತೊಂದರೆ. ಫೋನ್ ಕಳೆದುಹೋದರೆ ದೂರದಿಂದ ಅಳಿಸಬಹುದು ಅಂತ ಎಲ್ಲರೂ ಹೇಳುತ್ತಾರೆ. ಅಳಿಸಬಹುದು, ಫೋನಿಗೆ ನೆಟ್‌ವರ್ಕ್ ಇದ್ದರೆ ಮಾತ್ರ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಕರೆಂಟ್ ಹೋಗಿ, ಟವರಿನ ಡೀಸೆಲ್ ಮುಗಿದು, ಮೂರು ದಿನ ಸಿಗ್ನಲ್ ಇಲ್ಲದ ಊರಲ್ಲಿ ಅಳಿಸು ಅನ್ನುವ ಆಜ್ಞೆ ಸರ್ವರಿನಲ್ಲೇ ಕಾಯುತ್ತಾ ಕೂತಿರುತ್ತದೆ. 2018ರ ಆಗಸ್ಟ್‌ನ ಪ್ರವಾಹ, ಗುಡ್ಡಕುಸಿತ ನೆನಪಿದೆಯಲ್ಲ, ಮನೆಯವರನ್ನೇ ತಲುಪುವುದಕ್ಕೆ ಆಗಿರಲಿಲ್ಲ. ಹಾಗಾಗಿ ನಾವು ನಂಬಬೇಕಾದ್ದು ಫೋನಿನ ಲಾಕನ್ನೇ. ಆಂಡ್ರಾಯ್ಡ್ 10ರ ಜೊತೆ ಬಂದ ಫೋನುಗಳಿಂದ ಈಚೆಗೆ ಒಳಗಿನ ಡೇಟಾ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಲಾಕ್ ತೆಗೆಯದೆ ಓದಲಾಗದ ಗುಪ್ತ ರೂಪದಲ್ಲೇ, ಇರುತ್ತದೆ, ಆದರೆ ಲಾಕ್ 1234 ಆಗಿದ್ದರೆ ಅದರಿಂದ ಏನು ಪ್ರಯೋಜನ? ಆರು ಅಂಕೆಯ ಪಿನ್ ಇರಲಿ. ಎಲ್ ಆಕಾರದ ಪ್ಯಾಟರ್ನ್ ಬೇಡ, ಪರದೆ ಮೇಲಿನ ಬೆರಳಿನ ಜಿಡ್ಡೇ ಅದನ್ನು ಹೇಳಿಕೊಡುತ್ತದೆ. ಒಂದೆರಡು ನಿಮಿಷಕ್ಕೆ ತಾನೇ ಲಾಕ್ ಆಗಲಿ.

ಇದೇ ಕಾರಣಕ್ಕೆ ಇನ್ನೊಂದು ಸೆಟ್ಟಿಂಗ್ ಹುಷಾರಾಗಿ ನೋಡಬೇಕು. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಫೋನ್ ಇಷ್ಟು ಹೊತ್ತು ಇಂಟರ್ನೆಟ್‌ಗೆ ಬರದಿದ್ದರೆ ಆಫೀಸಿನ ಆ್ಯಪ್ ಮುಚ್ಚು, ಇಷ್ಟು ದಿನ ಬರದಿದ್ದರೆ ಡೇಟಾ ಅಳಿಸು ಅಂತ ನಿಯಮ ಹಾಕಬಹುದು. ಬೆಂಗಳೂರಿನಲ್ಲಿ ಕೂತು ಮಾಡಿದವರು ಒಂದು ದಿನ ಅಂತ ಹಾಕಿಬಿಡುತ್ತಾರೆ. ಜುಲೈ ತಿಂಗಳಲ್ಲಿ ಭಾಗಮಂಡಲದ ಹತ್ತಿರದ ತೋಟದ ರೈಟರ್‌ಗೆ ಆ್ಯಪ್ ತೆರೆಯುವುದೇ ಇಲ್ಲ, ಹಾಜರಿ ಮತ್ತೆ ಪುಸ್ತಕಕ್ಕೆ. ನಾನು ಇಲ್ಲಿ ಮುಚ್ಚುವುದಕ್ಕೆ ಒಂದು ವಾರ ಕೊಡುತ್ತೇನೆ, ಅಳಿಸುವುದಕ್ಕೆ ಒಂದು ತಿಂಗಳಿಗಿಂತ ಕಮ್ಮಿ ಇಡುವುದಿಲ್ಲ.

ಎಪಿಕೆ, ಅಂದರೆ ಆ್ಯಪ್ ಹಾಕುವ ಫೈಲ್, ಅದರ ವಿಷಯ ನಿಮಗೆಲ್ಲ ಗೊತ್ತಿದೆ. ವಾಟ್ಸಾಪಲ್ಲಿ ಮದುವೆ ಕರೆಯೋಲೆ ಅಂತ, ಟ್ರಾಫಿಕ್ ಚಲನ್ ಅಂತ ಬರುತ್ತದೆ. ಒತ್ತಿದರೆ ಆ್ಯಪ್ ಕೂತುಕೊಂಡು ಎಸ್‌ಎಂಎಸ್ ಓದಿ ಒಟಿಪಿಯನ್ನು ಕಳ್ಳರಿಗೆ ಕಳಿಸುತ್ತದೆ. ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಏನೂ ಹಾಕಲಾಗದ ಹಾಗೆ ಆಫೀಸಿನ ಫೋನಿನಲ್ಲಿ ಬೀಗ ಹಾಕಿ, ಇದರಲ್ಲಿ ರಿಯಾಯಿತಿ ಬೇಡ. ದುಡ್ಡು ಹೋಯಿತೋ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮಾರನೇ ದಿನ ಅಂತ ಕಾಯಬೇಡಿ.

ಒಬ್ಬರು ಮಾಲೀಕರು ಕೇಳಿದರು, ಕೆಲಸದವರು ಎಲ್ಲಿದ್ದಾರೆ ಅಂತ ದಿನವಿಡೀ ಮ್ಯಾಪಲ್ಲಿ ನೋಡಬಹುದಾ ಅಂತ. ಅವರ ಸ್ವಂತ ಫೋನಿನಲ್ಲಿ ನಾನು ಅದನ್ನು ಹಾಕಿಕೊಡುವುದಿಲ್ಲ. ಸಂಜೆ ಐದರ ಮೇಲೆ ಅವರು ಎಲ್ಲಿದ್ದಾರೆ ಅನ್ನುವುದು ನಮಗೆ ಬೇಡದ ವಿಷಯ. ಹಾಗೇ, ಹಳೇ ಫೋನಿಗೆ ಸೆಕ್ಯೂರಿಟಿ ಅಪ್‌ಡೇಟ್ ನಿಂತಿದೆ, ಆಫೀಸಿನ ಆ್ಯಪ್‌ಗೆ ಹೊಸದು ಬೇಕು ಅಂದರೆ ಕೊಡಿಸಬೇಕಾದವರು ನಾವು. ದಿನಗೂಲಿಯವರ ಮೇಲೆ ಅದನ್ನು ಹೇರಬೇಡಿ.

ಯಾವ ಸಾಫ್ಟ್‌ವೇರ್ ಅಂತ ಕೇಳುತ್ತೀರಿ. ನಾಲ್ಕೈದು ಜನರ ಹೋಂಸ್ಟೇಗೆ ಗೂಗಲ್‌ನ ಆಫೀಸು ಸೇವೆ ವರ್ಕ್‌ಸ್ಪೇಸ್‌ನ ಬೇಸಿಕ್ ಮ್ಯಾನೇಜ್‌ಮೆಂಟ್ ಶುರುವಿಗೆ ಸಾಕು, ಲಾಕ್ ಕಡ್ಡಾಯ ಮಾಡಬಹುದು, ಆಫೀಸಿನ ಅಕೌಂಟನ್ನು ಫೋನಿಂದ ತೆಗೆಯಬಹುದು. ವರ್ಕ್ ಪ್ರೊಫೈಲ್ ಬೇಕಾದರೆ ಅದರದ್ದೇ ಅಡ್ವಾನ್ಸ್ಡ್ ಮ್ಯಾನೇಜ್‌ಮೆಂಟ್ ಬೇಕು. ಮೈಕ್ರೋಸಾಫ್ಟ್ ಬಳಸುವ ಕಡೆ ಇದೇ ಕೆಲಸಕ್ಕೆ ಅವರ ಇಂಟ್ಯೂನ್ ಇದೆ. ಆದರೆ ಸಾಫ್ಟ್‌ವೇರ್ ಕೊಳ್ಳುವ ಮೊದಲು ಒಂದು ಹಾಳೆ ಬರೆಯಿರಿ. ಏನು ನೋಡುತ್ತೇವೆ, ಏನು ನೋಡುವುದಿಲ್ಲ, ಫೋನ್ ಕಳೆದರೆ ಯಾರಿಗೆ ಹೇಳಬೇಕು, ಕೆಲಸ ಬಿಟ್ಟರೆ ಏನು ಅಳಿಸುತ್ತೇವೆ. ಕನ್ನಡದಲ್ಲಿ ಬರೆಯಿರಿ, ಅಸ್ಸಾಮಿನಿಂದ ಬಂದವರಿಗೆ ಹಿಂದಿಯಲ್ಲಿ ಓದಿ ಹೇಳಿಸಿ. ಕಳೆದದ್ದನ್ನು ಹೇಳಿದವರಿಗೆ ಬೈಯುವುದಿಲ್ಲ, ಸಂಬಳ ಹಿಡಿಯುವುದಿಲ್ಲ ಅಂತ ಅದರಲ್ಲೇ ಬರೆಯಿರಿ. ಹೆದರಿದ ಹುಡುಗ ಎರಡು ದಿನ ಸುಮ್ನೆ ಇದ್ದುಬಿಡುತ್ತಾನೆ, ಆ ಎರಡು ದಿನದಲ್ಲೇ ನಷ್ಟ ಆಗುವುದು.

ಕಾನೂನೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರ ಮಾಹಿತಿಗೆ ಸರಿಯಾದ ರಕ್ಷಣೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಹೋಂಸ್ಟೇಗೆ ಅಷ್ಟು ಹಾಕುತ್ತಾರೆ ಅಂತ ಹೆದರಿಸುತ್ತಿಲ್ಲ, ಜವಾಬ್ದಾರಿ ನಮ್ಮ ಮೇಲೂ ಇದೆ ಅಂತ ಹೇಳುತ್ತಿದ್ದೇನೆ.

ಕೊನೆಗೆ ಎರಡು ಕೆಲಸ, ಕಾಫಿ ಬರುವ ಮೊದಲು ಇಲ್ಲೇ ಮಾಡೋಣ. ಫೋನ್ ತೆಗೆದು ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ. ಬರುವ 15 ಅಂಕೆಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರನ್ನು, ಪುಸ್ತಕದಲ್ಲಿ ಬರೆದುಕೊಳ್ಳಿ. ಫೋನ್ ಕಳೆದಾಗ ಪೊಲೀಸ್ ದೂರಿನ ಪ್ರತಿ ಇಟ್ಟು ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಬ್ಲಾಕ್ ಮಾಡಿಸುವುದಕ್ಕೆ ಅದು ಬೇಕು. ಎಲ್ಲ ಕೆಲಸದವರದ್ದೂ ಒಂದು ಪುಟದಲ್ಲಿ ಇರಲಿ. ಆಮೇಲೆ ವಾಟ್ಸಾಪ್ ತೆರೆದು ಲಿಂಕ್ಡ್ ಡಿವೈಸಸ್ ನೋಡಿ, ಅದೇ ವಾಟ್ಸಾಪ್ ಬೇರೆ ಯಾವ ಕಂಪ್ಯೂಟರ್, ಫೋನಿನಲ್ಲಿ ತೆರೆದಿದೆ ಅಂತ ಅಲ್ಲಿ ಕಾಣುತ್ತದೆ. ಹೋಂಸ್ಟೇ ನಂಬರಿನ ಫೋನ್ ತಂದವರು ಮೊದಲು ನೋಡಿ. ಒಂದು ಕಡೆ ನಾನು ಹೀಗೇ ನೋಡಿದಾಗ ಎಂಟು ತಿಂಗಳ ಹಿಂದೆ ಬಿಟ್ಟುಹೋದವರ ಲ್ಯಾಪ್‌ಟಾಪ್ ಇನ್ನೂ ಅಲ್ಲೇ ಇತ್ತು, ಎಲ್ಲ ಬುಕಿಂಗೂ ಅಲ್ಲಿ ಕಾಣುತ್ತಿತ್ತು. ಗುರುತಿಲ್ಲದ ಹೆಸರು ಕಂಡರೆ ಲಾಗ್ ಔಟ್ ಒತ್ತಿ. ಗೊತ್ತಾಗದಿದ್ದರೆ ಕೈ ಎತ್ತಿ, ನಾನೇ ನಿಮ್ಮ ಹತ್ತಿರ ಬರುತ್ತೇನೆ.